ಕಟ್ ಆಫ್ ಇಲ್ಲದ ಓದು

‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದ ವರ್ಷ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ನಡುರಾತ್ರಿ ಎಬ್ಬಿಸಿ ಕೇಳಿ. ‘1977’ ಎಂದು ಹೇಳಿ ಮಗ್ಗುಲು ಬದಲಿಸಿ ಮಲಗುತ್ತಾರೆ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳನ್ನು ಅನುಕ್ರಮವಾಗಿ ನೆನಪಿಡಲು ‘ಕು-ಬೇ-ಕಾ-ಮಾ-ಗೋ-ಅ-ಗಿ-ಕಂ’ ಎನ್ನುವ ಮಂತ್ರ ನಮ್ಮ ನೋಟ್‌ಬುಕ್ಕಿನಲ್ಲಿದೆ. ಆದರೆ ಆ ಮೂಕಜ್ಜಿ ಯಾರು? ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅವಳಿಗೆ ಏನೆಲ್ಲ ಕಾಣುತ್ತಿತ್ತು? ಮೊಮ್ಮಗ ಸುಬ್ಬರಾಯನ ಹತ್ತಿರ ಅವಳು ದೇವರ ಬಗ್ಗೆ ಎಂಥ ಮಾತಾಡುತ್ತಾಳೆ? ಇಷ್ಟು ಕೇಳಿದರೆ ಉತ್ತರ ಒಂದೇ: ‘ಅದು ಸಿಲೆಬಸ್‌ನಲ್ಲಿ ಇಲ್ಲವಲ್ಲ!’

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ‘ಹಾರ್ಟ್ ಲ್ಯಾಂಪ್’ ಮೂಲಕ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಹೀಗೇ ಆಯಿತು. ಲೇಖಕಿಯ ಹೆಸರು, ಅನುವಾದಕಿಯ ಹೆಸರು, ಸಂಕಲನದಲ್ಲಿರುವ ಕಥೆಗಳು 12 ಎಂಬ ಲೆಕ್ಕ, ಎಲ್ಲವೂ ಸಂಜೆಯೊಳಗೆ ಕರೆಂಟ್ ಅಫೇರ್ಸ್ ಗ್ರೂಪಿನಲ್ಲಿ ಹರಿದಾಡಿದವು. ಆ 12ರಲ್ಲಿ ಒಂದು ಕಥೆಯನ್ನಾದರೂ ಓದಿದವರು ನಮ್ಮ ಗ್ರೂಪಿನಲ್ಲಿ ಎಷ್ಟು ಮಂದಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದನ್ನು ದೂರಲೆಂದು ಬರೆಯುತ್ತಿಲ್ಲ. ನಾನೂ ಅದೇ ಸಾಲಿನಲ್ಲಿ ನಿಂತವಳು. ಡಿಗ್ರಿ ಮುಗಿಸಿ, ಧಾರವಾಡದ ಪಿಜಿಯೊಂದರಲ್ಲಿ ಕೋಣೆ ಹಿಡಿದು, ಎಫ್‌ಡಿಎ, ಪಿಡಿಒ ಎಂದು ಅರ್ಜಿ ಹಾಕುತ್ತ ಮೂರನೇ ವರ್ಷಕ್ಕೆ ಕಾಲಿಟ್ಟಿದ್ದೇನೆ. ಹಗಲೆಲ್ಲ ಸಂವಿಧಾನ, ಅರ್ಥಶಾಸ್ತ್ರ, ಮೆಂಟಲ್ ಎಬಿಲಿಟಿ. ರಾತ್ರಿ ಊಟವಾದ ಮೇಲೆ ಮಾತ್ರ ಒಂದು ಕಾದಂಬರಿ. ನಮ್ಮ ಪಿಜಿ ನಡೆಸುವ ಅಮ್ಮ ಒಮ್ಮೊಮ್ಮೆ ಬಾಗಿಲಲ್ಲಿ ನಿಂತು, ‘ಏನ್ ಓದಾಕತ್ತೀಯವ್ವಾ, ಪರೀಕ್ಷಾದ್ದೋ, ಕಥೀದೋ?’ ಎಂದು ಕೇಳುತ್ತಾರೆ. ‘ಕಥೀದ್ರೀ’ ಎಂದರೆ, ‘ನೌಕರಿ ಹತ್ತಲಿ ತಡಿ, ಆಮ್ಯಾಲೆ ಎಷ್ಟರ ಓದೀಯಂತ’ ಎನ್ನುತ್ತಾರೆ. ಅವರ ಮಾತಿನಲ್ಲಿ ಕಾಳಜಿಯಿದೆ. ಪ್ರಶ್ನೆಯೂ ನ್ಯಾಯವಾದದ್ದೇ. ನೌಕರಿ ಸಿಗುವವರೆಗೆ ಕಥೆಗೆ ರಜೆ ಕೊಡಬೇಕೇ? ಕಳೆದ ಕೆಲವು ತಿಂಗಳಲ್ಲಿ ಓದಿದ ನಾಲ್ಕೈದು ಕಾದಂಬರಿಗಳೇ ಇದಕ್ಕೆ ನನಗೆ ಉತ್ತರ ಕೊಟ್ಟಿವೆ. ಆರಿಸಿಕೊಂಡು ಓದಿದ್ದಲ್ಲ, ಕೈಗೆ ಸಿಕ್ಕಂತೆ ಓದಿದ್ದು. ವಿಚಿತ್ರವೆಂದರೆ, ಹೆಚ್ಚಿನವುಗಳ ಹೊಟ್ಟೆಯೊಳಗೆ ಇದ್ದದ್ದು ನಮ್ಮದೇ ವಿಷಯ: ಕೆಲಸ.

ಬಿ.ಎ. ಓದಿದ ರಾಮ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಬಂದದ್ದು 1940ರ ದಶಕದ ಆರಂಭದಲ್ಲಿ. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ. ಮಗ ಇಂಗ್ಲಿಷ್ ಕಲಿತು ದೊಡ್ಡ ಮನುಷ್ಯನಾಗಲಿ ಎಂದು ಅಪ್ಪ ಅವನನ್ನು ಪೇಟೆಗೆ ಕಳಿಸುತ್ತಾನೆ. ಲಚ್ಚ ಕಲಿಯುವುದು ಬೇರೆ ಏನನ್ನೋ. ಮನೆಯ ಆಸ್ತಿಯೇ ಕರಗಿಹೋಗುತ್ತದೆ. ಮೂರನೆಯ ತಲೆಮಾರಿನ ರಾಮ ಮದ್ರಾಸಿಗೆ ಹೋಗಿ ಓದಿದವನು, ಸಂಭಾವಿತ, ಸಂಗೀತ ಬಲ್ಲವನು. ಆದರೂ ಕೆಲಸ ಸಿಗುವುದಿಲ್ಲ. ಎಂಬತ್ತು ವರ್ಷದ ಹಿಂದಿನ ಕಾದಂಬರಿಯಲ್ಲಿ, ಕೈಯಲ್ಲಿ ಡಿಗ್ರಿ ಹಿಡಿದು ಪಟ್ಟಣದಲ್ಲಿ ಅಲೆಯುವ ಹುಡುಗನನ್ನು ಕಂಡಾಗ ನನಗೆ ಒಂದು ಕ್ಷಣ ಪುಟದ ಮೇಲಿನ ಕಾಲವೇ ಮರೆತುಹೋಯಿತು. ಇವನು ನಮ್ಮ ಪಕ್ಕದ ಪಿಜಿಯ ಹುಡುಗನಲ್ಲವೇ ಅನ್ನಿಸಿತು.

ಅವನು ಮಣ್ಣಿಗೆ ಮರಳಿದ ಹಾಗೆ ನಾವೂ ಎಲ್ಲ ಬಿಟ್ಟು ಹೊಲಕ್ಕೆ ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ಹೊಲವೇ ಇಲ್ಲದವರು ಎಲ್ಲಿಗೆ ಮರಳುವುದು? ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಮನೆಯ ಪಾರೋತಿ, ಸರಸೋತಿ ಎಂಬ ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ಗದ್ದೆ, ದನ, ಅಡುಗೆಮನೆ ಎಂದು ದುಡಿಯುತ್ತಲೇ ಇರುತ್ತಾರೆ. ಮನೆ ನಿಂತಿರುವುದೇ ಅವರ ಬೆನ್ನಿನ ಮೇಲೆ. ಆದರೆ ಅವರ ದುಡಿಮೆಯನ್ನು ಯಾರೂ ‘ಕೆಲಸ’ ಎಂದು ಕರೆಯುವುದಿಲ್ಲ. ಅರ್ಜಿ ಫಾರಂನ ‘ತಾಯಿಯ ಉದ್ಯೋಗ’ ಎಂಬ ಖಾನೆಯಲ್ಲಿ ನಾವೆಲ್ಲ ‘ಗೃಹಿಣಿ’ ಎಂದು ಬರೆದು ಮುಂದಿನ ಖಾನೆಗೆ ಹೋಗುತ್ತೇವೆ. ಈ ಕಾದಂಬರಿ ಓದಿದ ಮೇಲೆ ಆ ಒಂದು ಪದ ಬರೆಯುವಾಗ ಪೆನ್ನು ಕೊಂಚ ತಡೆಯುತ್ತದೆ.

ಕೆಲಸ ಇದ್ದವನ ಭಯ

ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿರುವ ನಮ್ಮಂಥವರು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದಬೇಕು. 1979ರ ಕಾದಂಬರಿ. ನಾಯಕ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಒಂದು ದಿನ ಇದ್ದಕ್ಕಿದ್ದಂತೆ ಅಮಾನತಾಗುತ್ತಾನೆ. ತಾನು ಮಾಡಿದ ತಪ್ಪೇನು, ತನ್ನ ಬೆನ್ನು ಹತ್ತಿದವರು ಯಾರು, ಯಾಕೆ, ಯಾವುದೂ ಅವನಿಗೆ ತಿಳಿಯುವುದಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಹೋಗಿ ಮುಂಬಯಿಯ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಆ ಲೋಕ ಒಳಗಿನಿಂದಲೇ ಗೊತ್ತಿತ್ತು. ಹಾಗಾಗಿ ಅಲ್ಲಿನ ನಗು, ಕೈಕುಲುಕು, ಪಾರ್ಟಿ ಎಲ್ಲದರ ಹಿಂದೆ ಬೇಟೆಯ ಹೆಜ್ಜೆ ಸಪ್ಪಳ ಕೇಳುತ್ತದೆ.

ಇದು ಸುಲಭದ ಓದಲ್ಲ. ನಾಗಪ್ಪನ ತಲೆಯೊಳಗಿನ ಗೊಂದಲ ನಮ್ಮ ತಲೆಗೂ ಹತ್ತಿಕೊಳ್ಳುತ್ತದೆ. ಎರಡು ಬಾರಿ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಮುಗಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಹುದ್ದೆಯೇ ತಾನು ಎಂದು ತಿಳಿದವನ ಹುದ್ದೆ ಕಿತ್ತುಕೊಂಡರೆ ಅವನ ಬಳಿ ಉಳಿಯುವುದೇನು? ನಾಗಪ್ಪ ಇಡೀ ಕಾದಂಬರಿ ಉದ್ದಕ್ಕೂ ಹುಡುಕುವುದು ಇದನ್ನೇ. ಹುದ್ದೆ ಇನ್ನೂ ಸಿಗದ ನಮಗೂ ಈ ಪ್ರಶ್ನೆ ಅಷ್ಟೇ ಅನ್ವಯಿಸುತ್ತದೆ. ‘ಈಗ ಏನ್ ಮಾಡ್ತಿದೀಯಾ?’ ಎಂದು ಮದುವೆ ಮನೆಯಲ್ಲಿ ನೆಂಟರು ಕೇಳಿದಾಗ ನಾವು ಕುಗ್ಗುವುದು ಉತ್ತರ ಇಲ್ಲ ಎಂದಲ್ಲ. ಆ ಒಂದು ಉತ್ತರವೇ ನಾವು ಎಂದು ಒಪ್ಪಿಕೊಂಡಿರುವುದರಿಂದ.

ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯೂ ಇಲ್ಲಿ ನೆನಪಾಗುತ್ತಾಳೆ. ಪುಟ್ಟಣ್ಣ ಕಣಗಾಲರ ಸಿನಿಮಾದಿಂದಾಗಿ ಈ ಕಥೆ ಅಪ್ಪ-ಅಮ್ಮಂದಿರಿಗೆಲ್ಲ ಗೊತ್ತು. ನಮ್ಮ ಪೀಳಿಗೆ ಪುಸ್ತಕವಾಗಿ ಓದಬೇಕು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದವಳನ್ನು ಸುತ್ತಲಿನ ಕಣ್ಣುಗಳು ಗುಣವಾಗಲು ಬಿಡುವುದಿಲ್ಲ. ಒಮ್ಮೆ ಹಣೆಗೆ ಅಂಟಿದ ಚೀಟಿ ಹೋಗುವುದೇ ಇಲ್ಲ. 35 ವರ್ಷವೂ ಬದುಕದ ಲೇಖಕಿ 1963ಕ್ಕೂ ಮೊದಲೇ ಇದನ್ನು ಬರೆದಿದ್ದಾರೆ. ಪರೀಕ್ಷೆಯಲ್ಲಿ ಎರಡು ಸಲ ಸೋತವರನ್ನು ‘ಅವರ ಕೈಲಿ ಆಗಲ್ಲ ಬಿಡಿ’ ಎಂದು ನೋಡುವ ನೋಟಕ್ಕೂ, ಕಾವೇರಿಯನ್ನು ನೋಡುವ ನೋಟಕ್ಕೂ ದೂರದ ನಂಟಿದೆ.

ದುಡಿಯದವನ ಸಂಬಳ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಪ್ರಕಟವಾದ ತೆಳ್ಳಗಿನ ಕೃತಿ. ಒಂದೇ ಭಾನುವಾರಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ವಾರಗಟ್ಟಲೆ ಕಾಡುತ್ತದೆ. ಅದರಲ್ಲಿನ ಅಪ್ಪ ಚಹಾಪುಡಿ ಕಂಪನಿಯ ಸೇಲ್ಸ್‌ಮನ್. ರಾತ್ರಿ ಆತ ದಿನದ ಲೆಕ್ಕ ಹಾಕುತ್ತ ಕೂತರೆ ಮನೆಯವರೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ. ಲೆಕ್ಕ ತಾಳೆಯಾದರೆ ಎಲ್ಲರಿಗೂ ನೆಮ್ಮದಿ. ಮುಂದೆ ಅಪ್ಪನ ಕೆಲಸ ಹೋಗಿ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು, ಬಡತನದ ಚಿಕ್ಕ ಮನೆ ಬಿಟ್ಟು ದೊಡ್ಡ ಮನೆಗೆ ಹೋಗುತ್ತಾರೆ. ಹಣ ಬಂದ ಮೇಲೆ ಮನೆಯ ಮಾತು ಬದಲಾಗುತ್ತದೆ, ಮೌನವೂ ಬದಲಾಗುತ್ತದೆ. ಕಥೆ ಹೇಳುವ ಮಗ ಹೆಸರಿಗೆ ಕಂಪನಿಯ ಡೈರೆಕ್ಟರ್. ಮಾಡುವ ಕೆಲಸ ಏನೂ ಇಲ್ಲ. ಸಂಬಳ ಮಾತ್ರ ಬ್ಯಾಂಕಿಗೆ ಬೀಳುತ್ತದೆ. ಮದುವೆಯಾಗಿ ಬಂದ ಅನಿತಾ ಇದನ್ನು ಬಾಯಿಬಿಟ್ಟು ಕೇಳುತ್ತಾಳೆ. ಕೇಳಬಾರದ್ದನ್ನು ಕೇಳುವುದೇ ಅವಳ ಅಪರಾಧ.

ಬಂದ ದುಡ್ಡನ್ನು ಪ್ರಶ್ನಿಸದೆ ಅನುಭವಿಸಿದರೆ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಈ ಪುಸ್ತಕ ಒಂದೇ ಒಂದು ದೊಡ್ಡ ಮಾತಾಡದೆ ತೋರಿಸುತ್ತದೆ. ‘ಟೇಬಲ್ ಕೆಳಗಿನ’ ಆದಾಯದ ಬಗ್ಗೆ ನಗುನಗುತ್ತ ಮಾತಾಡುವ ಗೆಳೆಯರು ನಮ್ಮಲ್ಲೂ ಇದ್ದಾರೆ. ‘ಆ ಪೋಸ್ಟ್‌ಗೆ ಗಿಂಬಳ ಚೆನ್ನಾಗಿದೆಯಂತೆ’ ಎಂದು ಹುದ್ದೆ ಆರಿಸುವವರೂ ಇದ್ದಾರೆ. ಪರೀಕ್ಷೆಯ ಎಥಿಕ್ಸ್ ಪತ್ರಿಕೆಗೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಬಹುದು. ಆದರೆ ಆ ಊಟದ ಮೇಜಿನ ಸುತ್ತ ಕೂತ ಕುಟುಂಬವನ್ನು ಒಮ್ಮೆ ನೋಡಿ ಬಂದರೆ ವ್ಯಾಖ್ಯೆಗೆ ಜೀವ ಬರುತ್ತದೆ.

ಮಂದಣ್ಣನ ಬಯೋಡೇಟಾ

ಇಷ್ಟೆಲ್ಲ ಗಂಭೀರದ ನಡುವೆ ನಗಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಈ ಕಾದಂಬರಿಯ ಮಂದಣ್ಣ ಊರವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಸೋಮಾರಿ. ಅವನ ಆಸೆಯಾದರೂ ಎಷ್ಟು? ಒಂದು ಚಿಕ್ಕ ನೌಕರಿ, ಒಂದು ಮದುವೆ. ಆದರೆ ವಿಜ್ಞಾನಿ ಕರ್ವಾಲೊ ಅವರಿಗೆ ಈ ಮಂದಣ್ಣನಲ್ಲಿ ಒಬ್ಬ ಹುಟ್ಟು ಜೀವಶಾಸ್ತ್ರಜ್ಞ ಕಾಣುತ್ತಾನೆ. ಜೇನು, ಹುಳು, ಹಕ್ಕಿ, ಕಾಡಿನ ದಾರಿ ಎಲ್ಲ ಅವನ ಕಣ್ಣಿಗೆ ತೆರೆದ ಪುಸ್ತಕ. ಹಾರುವ ಓತಿಯನ್ನು ಹುಡುಕಿಕೊಂಡು ಹೊರಟ ತಂಡಕ್ಕೆ ಅವನಿಲ್ಲದೆ ದಾರಿಯಿಲ್ಲ. ಓತಿ ಸಿಕ್ಕಿತೇ, ಇಲ್ಲವೇ? ಅದನ್ನು ನಾನು ಹೇಳುವುದಿಲ್ಲ.

ಮಂದಣ್ಣ ಇವತ್ತು ಬಯೋಡೇಟಾ ಬರೆದರೆ ಏನು ಬರೆಯಬಹುದು? ಅಂಕಪಟ್ಟಿ ಇಲ್ಲ, ಅನುಭವ ಪತ್ರ ಇಲ್ಲ, ಕಂಪ್ಯೂಟರ್ ಗೊತ್ತಿಲ್ಲ. ನಮ್ಮ ಯಾವ ಆಯ್ಕೆ ಪಟ್ಟಿಯಲ್ಲೂ ಅವನ ಹೆಸರು ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಪಟ್ಟಿ ಏನನ್ನು ಅಳೆಯುತ್ತದೋ ಅದು ಸಾಲದು ಎಂದು ಅರ್ಥ. ಮನುಷ್ಯನೇ ಸಾಲದು ಎಂದಲ್ಲ. ಕಳೆದ ಬಾರಿ ಅರ್ಧ ಅಂಕದಲ್ಲಿ ಹೊರಗುಳಿದ ನನ್ನ ರೂಮ್‌ಮೇಟ್‌ಗೆ ನಾನು ಸಮಾಧಾನದ ಮಾತು ಹೇಳಲಿಲ್ಲ, ‘ಕರ್ವಾಲೊ’ ಕೊಟ್ಟೆ. ಮೂರನೇ ದಿನ ಕೋಣೆಯಲ್ಲಿ ಅವಳು ಒಬ್ಬಳೇ ನಗುತ್ತಿದ್ದ ಸದ್ದು ಕೇಳಿಸಿತು.

ಓದಿಗೆ ಜಾಗ ಎಲ್ಲಿ?

‘ಟೈಮ್ ಎಲ್ಲಿದೆ?’ ಎನ್ನುತ್ತೀರಿ. ದಿನಕ್ಕೆ 20 ಪುಟ ಸಾಕು, ಅರ್ಧ ಗಂಟೆ ಹಿಡಿಯುತ್ತದೆ. ಮಲಗುವ ಮುನ್ನ ಮೊಬೈಲಿನಲ್ಲಿ ರೀಲ್ಸ್ ನೋಡಲು ಕೊಡುವುದಕ್ಕಿಂತ ಕಡಿಮೆ. ಈ ಲೆಕ್ಕದಲ್ಲಿ ಚಿಕ್ಕ ಕಾದಂಬರಿಯೊಂದು ವಾರಕ್ಕೆ ಮುಗಿಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಥರದ ದಪ್ಪ ಪುಸ್ತಕಕ್ಕೂ ಒಂದು ತಿಂಗಳ ಮೇಲೆ ಕೆಲವು ದಿನ ಸಾಕು.

ದುಡ್ಡಿನ ಚಿಂತೆಯೂ ಬೇಡ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಊರಿನ ಜನ ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಆ ಕಪಾಟಿನ ಪುಸ್ತಕಗಳಿಗೆ ನಮ್ಮ ಮನೆಯವರು ಆಗಲೇ ದುಡ್ಡು ಕೊಟ್ಟಾಗಿದೆ! ಆದರೂ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಗ್ರಂಥಾಲಯದ ಮುಂದೆ ಬ್ಯಾಗ್ ಇಟ್ಟು ಜಾಗ ಹಿಡಿಯುವ ನಾವು, ನಮ್ಮದೇ ಗೈಡ್ ಓದಿ, ಸಂಜೆ ನಮ್ಮದೇ ಗೈಡ್ ಮಡಚಿಕೊಂಡು ಬರುತ್ತೇವೆ. ಹತ್ತು ಹೆಜ್ಜೆ ದೂರದ ಕಾದಂಬರಿ ಕಪಾಟು ಹಾಗೇ ಇರುತ್ತದೆ.

ನನ್ನ ಅನುಭವದಲ್ಲಿ ಕೆಲಸಕ್ಕೆ ಬಂದ ಒಂದೆರಡು ಅಭ್ಯಾಸ ಹೇಳುತ್ತೇನೆ. ಕಾದಂಬರಿ ಓದುವಾಗ ಕೈಯಲ್ಲಿ ಹೈಲೈಟರ್ ಬೇಡ. ಪಾಯಿಂಟ್ಸ್ ಮಾಡಲು ಹೊರಟರೆ ಕಥೆ ಓಡಿಹೋಗುತ್ತದೆ. 50 ಪುಟವಾದರೂ ಹಿಡಿಸದಿದ್ದರೆ ಬೇಜಾರಿಲ್ಲದೆ ಬದಿಗಿಡಿ. ಇಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಕಷ್ಟವೆನಿಸಿದರೆ ಗಟ್ಟಿಯಾಗಿ ಓದಿ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತು ನಮ್ಮ ಉತ್ತರ ಕರ್ನಾಟಕದ ಕಿವಿಗೆ ಮೊದಲು ದಕ್ಕಲಿಲ್ಲ. ಚಾಮರಾಜನಗರ ಕಡೆಯ ಗೆಳತಿಯೊಬ್ಬಳು ನಾಲ್ಕು ಪುಟ ಜೋರಾಗಿ ಓದಿದಳು, ನಾವೆಲ್ಲ ಸುತ್ತ ಕೂತು ಕೇಳಿದೆವು. ಕಣ್ಣಿಗೆ ಬಿಡಿಸಲಾಗದ್ದು ಕಿವಿಗೆ ಸಲೀಸಾಗಿ ಬಿಡಿಸಿಕೊಂಡಿತು. ಈಗ ನಮ್ಮ ಪಿಜಿಯಲ್ಲಿ ಐದು ಮಂದಿ ಐದು ಪುಸ್ತಕ ತರುತ್ತೇವೆ, ಕೈ ಬದಲಿಸಿಕೊಳ್ಳುತ್ತೇವೆ. ತಿಂಗಳಿಗೆ ಐದು ಕಾದಂಬರಿ, ಖರ್ಚು ಬಹುತೇಕ ಸೊನ್ನೆ.

ಕಾದಂಬರಿ ಓದಿದರೆ ನೌಕರಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವುದಿಲ್ಲ. ಅದಕ್ಕೆ ಹಗಲಿನ ಓದೇ ಬೇಕು. ಪ್ರಬಂಧ ಪತ್ರಿಕೆಯಲ್ಲಿ ಭಾಷೆ ಸ್ವಲ್ಪ ಸಲೀಸಾಗಬಹುದು, ಸಂದರ್ಶನದಲ್ಲಿ ಹವ್ಯಾಸ ಕೇಳಿದಾಗ ಸುಳ್ಳು ಹೇಳುವುದು ತಪ್ಪಬಹುದು. ಅಷ್ಟೇ. ಆದರೆ ಪರೀಕ್ಷೆಗೂ ಫಲಿತಾಂಶಕ್ಕೂ ನಡುವೆ, ಫಲಿತಾಂಶಕ್ಕೂ ಮುಂದಿನ ನೋಟಿಫಿಕೇಶನ್‌ಗೂ ನಡುವೆ ನಮ್ಮ ಇಪ್ಪತ್ತರ ವಯಸ್ಸು ಕಳೆಯುತ್ತಿದೆ. ಆ ದಿನಗಳೂ ನಮ್ಮ ಬದುಕೇ. ಅವನ್ನು ಬರೀ ಕಾಯುವುದರಲ್ಲಿ ಕಳೆದರೆ ನಾಳೆ ಕುರ್ಚಿ ಸಿಕ್ಕಾಗ ಅದರ ಮೇಲೆ ಕೂರುವವರು ಯಾರು? ಎದುರು ಅರ್ಜಿ ಹಿಡಿದು ನಿಂತವನಲ್ಲಿ ಒಬ್ಬ ಮಂದಣ್ಣನನ್ನು, ಒಬ್ಬ ಸರಸೋತಿಯನ್ನು ಗುರುತಿಸಬಲ್ಲ ಅಧಿಕಾರಿ ಗೈಡ್ ಪುಸ್ತಕದಿಂದ ತಯಾರಾಗುವುದಿಲ್ಲ.

ಆದ್ದರಿಂದ ಈ ವಾರ ಗ್ರಂಥಾಲಯದಿಂದ ಹೊರಡುವಾಗ ಹತ್ತು ಹೆಜ್ಜೆ ಹೆಚ್ಚು ನಡೆಯಿರಿ. ‘ಕರ್ವಾಲೊ’ದಿಂದಲೇ ಶುರು ಮಾಡಿ. ಫಲಿತಾಂಶ ಬರುವ ದಿನ ಬರಲಿ, ಅಲ್ಲಿಯವರೆಗೆ ಮಂದಣ್ಣನ ಹಿಂದೆ ಒಂದು ಸುತ್ತು ಕಾಡಿಗೆ ಹೋಗಿ ಬರೋಣ.