ಏಳು ಸಾವಿರದ ಸ್ಕ್ರೀನು, ನಾನೂರು ರೂಪಾಯಿಯ ಕಪ್ಲರ್

ಕೆಎ–07 ನಂಬರಿನ ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂತೆಂದರೆ ಮೊದಲು ಸೀಟ್ ಕವರ್, ಆಮೇಲೆ ಟಚ್‌ಸ್ಕ್ರೀನ್. ಟೊಮೆಟೊಗೆ ರೇಟು ಸಿಕ್ಕ ವರ್ಷವೋ, ಮಾವು ಕೈಹಿಡಿದ ವರ್ಷವೋ, ಮಕ್ಕಳಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ವರ್ಷವೋ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಿಗೆ ಕಾರು ಬರುವುದು ಹೆಚ್ಚಾಗಿ ಹೀಗೆಯೇ. ಅಂಗಡಿಯಲ್ಲಿ ನಡೆಯುವ ಮಾತೆಲ್ಲ ಸ್ಕ್ರೀನಿನದೇ: ಎಷ್ಟು ಇಂಚು, ಎಷ್ಟು ಜಿಬಿ, ಯೂಟ್ಯೂಬ್ ಬರುತ್ತಾ. ರೇಟು ಕುದುರಿದ ಮೇಲೆ ಕೊನೆಗೊಂದು ಮಾತು: ‘ಫಿಟ್ಟಿಂಗ್ ಫ್ರೀ ಮಾಡ್ಕೊಡಣ್ಣ.’ ನನ್ನ ತಕರಾರಿರುವುದು ಈ ಕೊನೆಯ ಮಾತಿಗೆ. ಲೆಕ್ಕ ಹಾಕಿ ನೋಡಿದರೆ ಕಾರಿನ ಮಾಲೀಕನಿಗೆ ಹೆಚ್ಚು ನಷ್ಟ ಆಗುವುದು ಅಲ್ಲೇ.

ಸ್ಟೀರಿಯೊ ಇಲ್ಲದೆ ಬಂದ ಹಳೆಯ ಬೇಸ್ ಮಾಡೆಲ್ ಕಾರೊಂದನ್ನು ತೆಗೆದುಕೊಳ್ಳೋಣ. ಹೆಸರಿಲ್ಲದ ಕಂಪನಿಯ 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನು ₹7,000. ಡ್ಯಾಶ್‌ಬೋರ್ಡಿಗೆ ಹೊಂದುವ ಪ್ಲಾಸ್ಟಿಕ್ ಫ್ರೇಮ್ ₹600, ಕಪ್ಲರ್ ₹400, ರಿವರ್ಸ್ ಕ್ಯಾಮೆರಾ ₹800, ಮುಂದಿನ ಬಾಗಿಲಿಗೆ ಒಂದು ಜೊತೆ ಸ್ಪೀಕರ್ ₹2,200. ಬಾಗಿಲಿಗೆ 4 ಮೀಟರಿನಂತೆ 8 ಮೀಟರ್ ಸ್ಪೀಕರ್ ವೈರು, ಮೀಟರಿಗೆ ₹30ರಂತೆ ₹240. ಕೂಲಿ ₹1,000. ಒಟ್ಟು ₹12,240. ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಸಾವಿರ, ಎರಡು ಸಾವಿರ ಆಚೀಚೆ ಆಗಬಹುದು. ಹೆಸರಾಂತ ಕಂಪನಿಯ ಸೆಟ್ಟೇ ಬೇಕೆಂದರೆ ಸ್ಕ್ರೀನಿನ ಬೆಲೆಯೇ ಈ ಏಳು ಸಾವಿರದ ಎರಡು ಪಟ್ಟು ದಾಟುತ್ತದೆ. ಆದರೆ ಗಮನಿಸಬೇಕಾದದ್ದು ಪಾಲು. ಸ್ಕ್ರೀನಿಗೆ ಹೋದದ್ದು ಶೇ 57. ಕಪ್ಲರ್, ವೈರು, ಕೂಲಿ ಮೂರೂ ಸೇರಿ ₹1,640, ಅಂದರೆ ಶೇ 13 ಚಿಲ್ಲರೆ. ಉಳಿದ ಶೇ 87ರ ಆಯಸ್ಸು ಈ ಹದಿಮೂರರ ಮೇಲೆ ನಿಂತಿದೆ. ಚೌಕಾಸಿ ನಡೆಯುವುದೂ ಇದರ ಮೇಲೆಯೇ.

ಕಪ್ಲರ್ ಎಂದರೆ ಕಾರಿನ ಮೂಲ ಸಾಕೆಟ್ಟಿಗೆ ಹಾಗೇ ಕೂರುವ, ಇನ್ನೊಂದು ತುದಿ ಸ್ಕ್ರೀನಿಗೆ ಸೇರುವ ವೈರಿನ ಗೊಂಚಲು. ಅದಿದ್ದರೆ ಕಾರಿನ ಒಂದೇ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ₹400 ಉಳಿಸಲು ಹೋದರೆ ಮೂಲ ಸಾಕೆಟ್ಟನ್ನೇ ಕತ್ತರಿಸಿ, ವೈರುಗಳ ತುದಿ ಸುಲಿದು, ಬೆರಳಲ್ಲಿ ಹೊಸೆದು, ಕಪ್ಪು ಟೇಪು ಸುತ್ತಿಬಿಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮಂಡಿಯ ಎದುರು ಮಧ್ಯಾಹ್ನವಿಡೀ ನಿಂತ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಆ ಟೇಪಿನ ಅಂಟು ಕರಗಿ ಜಿಗಟಾಗುತ್ತದೆ, ಸುರುಳಿ ಬಿಡುತ್ತದೆ. ಅಂಥ ಕಾರಿನ ಪ್ಯಾನೆಲ್ ಬಿಚ್ಚಿದರೆ ಕಾಣುವುದು ಧೂಳು ಮೆತ್ತಿದ ಕರಿ ಅಂಟು, ಅದರೊಳಗಿಂದ ಇಣುಕುವ ತಾಮ್ರದ ಎಳೆಗಳು. ಪಕ್ಕದ ವೈರಿನ ಎಳೆಗೂ ಇದಕ್ಕೂ ನಡುವೆ ಕೂದಲೆಳೆಯ ಅಂತರ. ಫ್ಯೂಸು ಸರಿಯಾದದ್ದಿದ್ದರೆ ಅದೊಂದು ಹೋಗಿ ಕಾರು ಉಳಿಯುತ್ತದೆ. ‘ಪದೇ ಪದೇ ಫ್ಯೂಸ್ ಹೋಗುತ್ತೆ’ ಎಂದು 10 ಆಂಪ್ಸ್ ಜಾಗಕ್ಕೆ 30 ಆಂಪ್ಸ್ ಹಾಕಿಸಿದ್ದರೆ ಮೊದಲು ಬಿಸಿಯಾಗುವುದು ವೈರು. ಕಾರು ಇನ್ನೂ ಕಂಪನಿ ವಾರಂಟಿಯಲ್ಲಿದ್ದರಂತೂ, ಕತ್ತರಿಸಿದ ವೈರು ಕಂಡೊಡನೆ ಎಲೆಕ್ಟ್ರಿಕಲ್ ಕ್ಲೇಮು ತಿರಸ್ಕರಿಸಲು ಕಂಪನಿಗೆ ಕಾರಣ ಸಿಕ್ಕಂತಾಯಿತು.

ಬ್ಯಾಟರಿಯ ಲೆಕ್ಕ ಇನ್ನೂ ನೇರ. ಸ್ಟೀರಿಯೊಗೆ ಬರುವ ಕರೆಂಟಿನ ವೈರು ಎರಡು. ಹಳದಿಯದು ಸದಾ 12 ವೋಲ್ಟ್ ಕೊಡುತ್ತದೆ, ಸೆಟ್ಟಿಂಗು ನೆನಪಿಡಲು. ಕೆಂಪಿನದು ಕೀ ತಿರುಗಿಸಿದಾಗ ಮಾತ್ರ ಕೊಡುತ್ತದೆ, ಸ್ಕ್ರೀನನ್ನು ಎಬ್ಬಿಸಲು. ಕಪ್ಪು ಅರ್ತ್. ಈ ಬಣ್ಣಗಳು ಸ್ಟೀರಿಯೊ ಕಡೆಯ ರೂಢಿ. ಕಾರಿನ ಕಡೆಯ ಬಣ್ಣ ಕಂಪನಿಗೊಂದು ಥರ, ಆದ್ದರಿಂದ ಮಲ್ಟಿಮೀಟರ್ ಇಟ್ಟು ನೋಡಲೇಬೇಕು. ಅವಸರದಲ್ಲಿ ಹಳದಿ, ಕೆಂಪು ಎರಡನ್ನೂ ಸದಾ ಕರೆಂಟಿರುವ ಒಂದೇ ವೈರಿಗೆ ಸೇರಿಸಿದರೆ ಸ್ಕ್ರೀನು ಕಪ್ಪಾಗಿ ಕಂಡರೂ ಒಳಗೆ ಎಚ್ಚರವಾಗಿಯೇ ಇರುತ್ತದೆ. ಅದು ಎಳೆಯುವುದು ಬರೀ ಅರ್ಧ ಆಂಪ್ಸ್ ಎಂದೇ ಹಿಡಿಯಿರಿ: 24 ಗಂಟೆಗೆ 12 ಆಂಪ್ಸ್–ಅವರ್. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪ್ಸ್–ಅವರಿನದು. ಶನಿವಾರ ಬೆಳಿಗ್ಗೆ ನಿಲ್ಲಿಸಿದ ಕಾರು ಸೋಮವಾರ ಸ್ಟಾರ್ಟ್ ಆಗದಿದ್ದರೆ ಆಶ್ಚರ್ಯವಿಲ್ಲ. ಸರಿಯಾಗಿ ಜೋಡಿಸಿದ ಕಾರು ನಿಂತಿರುವಾಗ 50 ಮಿಲಿ ಆಂಪ್ಸ್ ಒಳಗೇ ಎಳೆಯಬೇಕು. ಆಗ ದಿನಕ್ಕೆ 1.2 ಆಂಪ್ಸ್–ಅವರ್, ಬ್ಯಾಟರಿ ಅರ್ಧಕ್ಕಿಳಿಯಲು ಎರಡು ವಾರ. ಪೂರ್ತಿ ಬರಿದಾದ ಬ್ಯಾಟರಿ ಮತ್ತೆ ಚಾರ್ಜ್ ಆದರೂ ಮೊದಲಿನ ತಾಕತ್ತು ಬರುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಹೊಸದೇ ಬೇಕು, ಅಂದರೆ ₹4,000ದ ಆಸುಪಾಸು. ಕೂಲಿಯಲ್ಲಿ ಉಳಿಸಿದ್ದು ₹500.

ಡಬ್ಬಿಯ ಮೇಲಿನ ‘4×50 ವಾಟ್’ ಬರಹವನ್ನೂ ಒರೆಗೆ ಹಚ್ಚಬೇಕು. ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಆ ವೋಲ್ಟೇಜಿನಲ್ಲಿ 4 ಓಮಿನ ಸ್ಪೀಕರಿಗೆ ಒಂದು ಚಾನೆಲ್ಲಿನಿಂದ ನಿರಂತರವಾಗಿ ಕೊಡಬಹುದಾದ ಶುದ್ಧ ಶಕ್ತಿ ಲೆಕ್ಕದ ಮೇಲೆಯೇ 26 ವಾಟ್ ದಾಟದು. ನಿಜದಲ್ಲಿ 20ರ ಹತ್ತಿರ. ಇನ್ನೊಂದು ದಾರಿಯಿಂದಲೂ ನೋಡಬಹುದು: ನಾಲ್ಕೂ ಚಾನೆಲ್ಲಿಂದ 200 ವಾಟ್ ಬರಬೇಕಾದರೆ ಒಂದಿಷ್ಟೂ ನಷ್ಟವಾಗದಿದ್ದರೂ 14 ಆಂಪ್ಸ್ ಬೇಕು, ವಾಸ್ತವವಾಗಿ 20ಕ್ಕೂ ಮೇಲೆ. ಸೆಟ್ಟಿನ ಫ್ಯೂಸು ಮಾತ್ರ 10 ಅಥವಾ 15. ಹೀಗಾಗಿ 300 ವಾಟ್ ಎಂದು ಬರೆದ ಸ್ಪೀಕರಿಗೆ ದುಡ್ಡು ಸುರಿಯುವುದಕ್ಕಿಂತ 40–50 ವಾಟ್ ಆರ್‌ಎಂಎಸ್ (ನಿರಂತರವಾಗಿ ತಾಳುವ ಶಕ್ತಿ) ಇರುವ ಒಳ್ಳೆಯ ಜೊತೆ ಸಾಕು. ವೈರು ದಪ್ಪ ಇರಲಿ. 0.75 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 4 ಮೀಟರ್ ಹೋಗಿ ಬರುವಷ್ಟರಲ್ಲಿ ವೋಲ್ಟೇಜಿನ ಶೇ 4–5 ಸೋರಿದರೆ, ಮೂರರಲ್ಲಿ ಒಂದು ಪಾಲು ದಪ್ಪದ ಅಗ್ಗದ ವೈರಿನಲ್ಲಿ ಶೇ 12 ಸೋರುತ್ತದೆ. ಎರಡರ ಬೆಲೆಯ ವ್ಯತ್ಯಾಸ ಇಡೀ ಕಾರಿಗೆ ನೂರು, ನೂರೈವತ್ತು.

‘ಬೆಂಗಳೂರಿಗೇ ಹೋಗಿ ಹಾಕಿಸ್ಕೊಂಡು ಬರೋಣ’ ಎನ್ನುವವರೂ ಇದ್ದಾರೆ. ಜೆ.ಸಿ. ರಸ್ತೆಯಲ್ಲಿ ಸಾಲು ಸಾಲು ಅಂಗಡಿ, ಆಯ್ಕೆ ಜಾಸ್ತಿ, ಅದು ನಿಜ. ಕೋಲಾರದಿಂದ ಹೋಗಿ ಬರಲು ಸುಮಾರು 140 ಕಿಲೋಮೀಟರ್, ಮುಳಬಾಗಿಲಿನಿಂದ ಹತ್ತಿರ ಹತ್ತಿರ 200. ಲೀಟರಿಗೆ 15 ಕೊಡುವ ಕಾರಿಗೆ ಮುಳಬಾಗಿಲಿನವರು 13 ಲೀಟರಿಗೂ ಹೆಚ್ಚು ಪೆಟ್ರೋಲು ಸುಡಬೇಕು. ಲೀಟರು ₹100 ದಾಟಿರುವಾಗ ಅದೇ ₹1,350, ಟೋಲು ಬೇರೆ. ಅಲ್ಲಿ ₹1,500 ಕಡಿಮೆಗೇ ಸಿಕ್ಕಿತೆನ್ನಿ, ಉಳಿದದ್ದು ಊಟದ ಖರ್ಚು. ಮೂರು ತಿಂಗಳಿಗೆ ಟಚ್ ಕೈಕೊಟ್ಟು ಇನ್ನೊಮ್ಮೆ ಹೋಗಬೇಕಾದರೆ ಲೆಕ್ಕ ಮೈನಸ್ಸಿಗೆ ಇಳಿಯುತ್ತದೆ. ಮಾಲೂರಿನವರಿಗೆ ದೂರ ಕಡಿಮೆ, ಅವರ ಲೆಕ್ಕ ಬೇರೆ ಇರಬಹುದು. ಉಳಿದ ಮೂರು ಊರಿನವರು ತಮ್ಮೂರಿನಲ್ಲೇ ಬಿಲ್ಲು ಕೊಡುವ ಅಂಗಡಿ, ಮೀಟರು ಹಿಡಿದು ಕೆಲಸ ಮಾಡುವ ಎಲೆಕ್ಟ್ರಿಷಿಯನ್ನನ್ನು ಹುಡುಕಿಕೊಂಡು ₹500 ಹೆಚ್ಚೇ ಕೊಡುವುದು ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಕ್ರೀನು, ಫ್ರೇಮು, ಸ್ಪೀಕರು, ಕ್ಯಾಮೆರಾ ಎಲ್ಲ ಶಿಸ್ತಾಗಿ ಹಾಕಲು ಮೂರು, ನಾಲ್ಕು ಗಂಟೆ ಬೇಕು. ಒಬ್ಬ ಕುಶಲ ಕೆಲಸಗಾರನ ಅರ್ಧ ದಿನದ ದುಡಿಮೆಗೆ ಸಾವಿರ ರೂಪಾಯಿ ಹೆಚ್ಚಲ್ಲ.

ಜಿಬಿ ವಿಷಯದಲ್ಲಿ ಎಚ್ಚರ. ಹೆಸರಿಲ್ಲದ ಸೆಟ್ಟುಗಳಲ್ಲಿ ಸೆಟ್ಟಿಂಗ್ಸ್ ಪುಟ ‘8 ಜಿಬಿ ರ‍್ಯಾಮ್’ ಎಂದು ತೋರಿಸಿದರೂ ಒಳಗಿರುವುದು 2 ಜಿಬಿ ಆಗಿರುವುದುಂಟು. ಆಂಡ್ರಾಯ್ಡ್ ಆವೃತ್ತಿಯ ಸಂಖ್ಯೆಯನ್ನೂ ಹಾಗೇ ಏರಿಸಿ ಬರೆದಿರುತ್ತಾರೆ. ಸಿಪಿಯು–ಝಡ್‌ನಂಥ ಆ್ಯಪ್ ಹಾಕಿ ಅಂಗಡಿಯಲ್ಲೇ ನೋಡಬಹುದು. ಡೇಟಾ ಚಿಂತೆ ಅಷ್ಟಿಲ್ಲ: 160 ಕೆಬಿಪಿಎಸ್‌ನಲ್ಲಿ ಹಾಡು ಕೇಳಿದರೆ ಗಂಟೆಗೆ 72 ಎಂಬಿ. ನೆಟ್‌ವರ್ಕ್ ಸಿಗದ ಹಳ್ಳಿ ದಾರಿಗೆ ಪೆನ್‌ಡ್ರೈವೇ ಗತಿ. ಐದು ನಿಮಿಷದ ಹಾಡಿಗೆ 5 ಎಂಬಿಯಂತೆ 32 ಜಿಬಿಯಲ್ಲಿ ಆರು ಸಾವಿರ ಹಾಡು, ಕನ್ನಡ, ತೆಲುಗು ಎರಡಕ್ಕೂ ಧಾರಾಳ ಜಾಗ.

ಕ್ಯಾಮೆರಾಗೆ ಕೊಡುವ ₹800 ಸಾರ್ಥಕ. ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಳೆಯ ಹಲವು ಕಾರುಗಳಲ್ಲಿ ಹಿಂದೆ ಮಗು ಕೂತಿದ್ದರೂ ತಿಳಿಯುವ ದಾರಿಯಿಲ್ಲ.

ವಿಡಿಯೊ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹ್ಯಾಂಡ್‌ಬ್ರೇಕ್ ಎಳೆದಾಗಷ್ಟೇ ವಿಡಿಯೊ ಬರಲಿ ಎಂದು ಸೆಟ್ಟಿನಲ್ಲೊಂದು ವೈರು ಕೊಟ್ಟಿರುತ್ತಾರೆ. ಗಿರಾಕಿ ಕೇಳಿದನೆಂದು ಅದನ್ನು ನೇರ ಅರ್ತ್‌ಗೆ ಕೊಟ್ಟು ಓಡುವಾಗಲೂ ಸಿನಿಮಾ ಬರುವಂತೆ ಮಾಡುವುದು ಎಲ್ಲ ಕಡೆ ನಡೆದಿದೆ. ಹೆದ್ದಾರಿ 75ರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಮೂರು ಸೆಕೆಂಡು ಸ್ಕ್ರೀನ್ ನೋಡಿದರೆ ಕಾರು 67 ಮೀಟರ್ ಕುರುಡಾಗಿ ಓಡಿರುತ್ತದೆ. ಟೊಮೆಟೊ ಕ್ರೇಟು ಹೇರಿದ ಗಾಡಿ ದೀಪವಿಲ್ಲದೆ ಪಕ್ಕದಲ್ಲಿ ನಿಂತಿರಲು ಅಷ್ಟು ಜಾಗ ಸಾಕು. ಕೈಯಲ್ಲಿ ಹಿಡಿವ ಫೋನನ್ನೇ ಚಾಲಕ ದಾರಿ ನೋಡಲಷ್ಟೇ ಬಳಸಬಹುದು, ಅದೂ ಗಮನ ಕದಡದಂತೆ, ಎಂದು 2020ರ ಅಕ್ಟೋಬರಿನಿಂದ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆ ವೈರನ್ನು ಅದರ ಜಾಗಕ್ಕೇ ಹಾಕಿಸಿ.

ರೇಡಿಯೊ ಕೇಳುವವರಿಗೊಂದು ಮಾತು. ಎಫ್‌ಎಂ ರೇನ್‌ಬೋ 101.3 ಬೆಂಗಳೂರಿನಿಂದ ದೂರ ಸರಿದಷ್ಟೂ ಕ್ಷೀಣಿಸುತ್ತದೆ; ಅಗ್ಗದ ಸೆಟ್ಟುಗಳ ಟ್ಯೂನರಿಗೆ ಆ ಸಣ್ಣ ಸಿಗ್ನಲ್ ಹಿಡಿಯುವ ಶಕ್ತಿ ಕಡಿಮೆ. ದೂರ ಮುಟ್ಟುವುದು 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ, 200 ಕಿಲೋವಾಟಿನದು. ಕೃಷಿ ಕಾರ್ಯಕ್ರಮ ಬೇಕೆನ್ನುವ ರೈತರು ಸೆಟ್ಟಿನಲ್ಲಿ ಎಎಂ ಬ್ಯಾಂಡ್ ಇದೆಯೇ, ಅದು ಕೇಳುತ್ತದೆಯೇ ಎಂದು ಅಂಗಡಿ ಮುಂದೆಯೇ ಪರೀಕ್ಷಿಸಲಿ.

ದುಡ್ಡು ಎಣಿಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿಸಿ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪು ಬಿಚ್ಚಿ, ಕ್ಲಾಂಪಿಗೂ ಟರ್ಮಿನಲ್ಲಿಗೂ ನಡುವೆ 10 ಆಂಪ್ಸ್ ರೇಂಜಿನಲ್ಲಿ ಮಲ್ಟಿಮೀಟರ್ ಸೇರಿಸಲಿ. ಸ್ಕ್ರೀನು ಪೂರ್ತಿ ಮಲಗಲು ಕಾಲು ಗಂಟೆ ಕೊಡಿ. ಮೀಟರು 0.05 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಬಿಲ್ಲಿನಲ್ಲಿ ಮಾಡೆಲ್ ನಂಬರು, ತಾರೀಖು, ವಾರಂಟಿ ಬರೆಸಿಕೊಂಡು ಪೂರ್ತಿ ಹಣ ಕೊಡಿ. 0.3, 0.5 ಎಂದು ತೋರಿಸಿದರೆ ಪ್ಯಾನೆಲ್ ಇನ್ನೊಮ್ಮೆ ಬಿಚ್ಚಿಸಿ.