ಆರೂವರೆ ಮಿಲಿಗ್ರಾಂ, ಅರವತ್ತು ಲಕ್ಷ ಹಂದಿ

ಟೆಕ್ಸಾಸಿನ ಹಂದಿ ಬೇಟೆಗಾರರಲ್ಲಿ ಅಂಗಡಿಯ ತೋಟಾ ರುಚಿಸದ ಒಂದು ಪಂಗಡವಿದೆ. ಇವರು ಹಾರಿಸಿದ ಹಿತ್ತಾಳೆ ಕೇಸನ್ನು ಹೆಕ್ಕಿ ತಂದು ಉಜ್ಜಿ, ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತರುತ್ತಾರೆ. ಅದಕ್ಕೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿ ತಮ್ಮ ಈಡನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ತೂಕದ ಲೆಕ್ಕ ಗ್ರಾಮಿನಲ್ಲಲ್ಲ, ಗ್ರೇನಿನಲ್ಲಿ. 1 ಗ್ರೇನ್ ಅಂದರೆ 64.8 ಮಿಲಿಗ್ರಾಂ; 7,000 ಗ್ರೇನ್ ಸೇರಿದರೆ 1 ಪೌಂಡ್. ತಕ್ಕಡಿ ಗ್ರೇನಿನ ಹತ್ತನೇ ಒಂದು ಪಾಲನ್ನೂ ತೋರಿಸಬೇಕು, ಅಂದರೆ ಆರೂವರೆ ಮಿಲಿಗ್ರಾಂ. ಹೀಗೆ ತೂಗಿದ ಈಡಿಗೆ ಎದುರಾಳಿ ಅಮೆರಿಕದ ತುಂಬ ಹಬ್ಬಿರುವ ಅರವತ್ತು ಲಕ್ಷಕ್ಕೂ ಹೆಚ್ಚು ಬೀಡಾಡಿ ಹಂದಿ.

ಮೊದಲು ಆ ಪುಟ್ಟ ತೋಟಾದೊಳಗೆ ಇಣುಕೋಣ. 1952ರಲ್ಲಿ ಮಾರುಕಟ್ಟೆಗೆ ಬಂದ .308 ವಿಂಚೆಸ್ಟರ್ ಹಂದಿ ಬೇಟೆಗೆ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ತುಂಬುವ ಮದ್ದು 3 ಗ್ರಾಮಿನ ಆಸುಪಾಸು; 150 ಗ್ರೇನಿನ ಗುಂಡು ತೂಗುವುದು 9.7 ಗ್ರಾಂ. ಕುದುರೆ ಎಳೆದೊಡನೆ ಕೋಣೆಯೊಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡಿನವರೆಗೆ ಏರಬಹುದು. ಈ ತೋಟಾಕ್ಕೆ ನಿಗದಿಯಾದ ಗರಿಷ್ಠ ಮಿತಿ ಅದು. ನಮ್ಮ ಸುತ್ತಲಿನ ಗಾಳಿಯ ಒತ್ತಡದ 4,200 ಪಟ್ಟು. ಸಾಗರಗಳಲ್ಲೇ ಅತಿ ಆಳದ ಮರಿಯಾನಾ ಕಂದಕದ ತಳದಲ್ಲಿ ಇರುವುದರ ಸುಮಾರು ನಾಲ್ಕು ಪಟ್ಟು.

ಆ ಒತ್ತಡ ಗುಂಡನ್ನು 61 ಸೆಂಟಿಮೀಟರ್ ನಳಿಗೆಯಲ್ಲಿ ತಳ್ಳಿ, ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹೊರಗೆಸೆಯುತ್ತದೆ. ನಳಿಗೆಯೊಳಗಿನ ವೇಗವರ್ಧನೆ ಸರಾಸರಿ ಗುರುತ್ವದ 60,000 ಪಟ್ಟು. ಒಳಗಿನ ತಿರುಪುಗೀರು 12 ಇಂಚಿಗೆ ಒಂದು ಸುತ್ತಿನದಾದರೆ, ಗುಂಡು ಅಡಿಗೊಂದು ಸುತ್ತು ಹಾಕುತ್ತದೆ: ಸೆಕೆಂಡಿಗೆ 2,800 ಸುತ್ತು, ನಿಮಿಷದ ಲೆಕ್ಕಕ್ಕೆ 1,68,000. ಇಷ್ಟೆಲ್ಲ ಮುಗಿಯಲು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಸಾಕು. ಒಳ್ಳೆಯ ನಳಿಗೆ ಐದು ಸಾವಿರ ಈಡು ಬಾಳಿತು ಅನ್ನಿ. ಅದು ನಿಜವಾಗಿ ದುಡಿದ ಹೊತ್ತನ್ನೆಲ್ಲ ಕೂಡಿದರೆ ಆರೇಳು ಸೆಕೆಂಡು.

ಶಕ್ತಿಯ ಲೆಕ್ಕ ಇನ್ನೂ ವಿಚಿತ್ರ. ನಳಿಗೆ ಬಿಟ್ಟ ಗುಂಡಿನಲ್ಲಿರುವುದು ಸುಮಾರು 3,500 ಜೂಲ್, ಅಂದರೆ ಒಂದು ಕಿಲೋಕ್ಯಾಲೊರಿಯೂ ಇಲ್ಲ. ಹುರಿದ ಕಡಲೆಕಾಯಿಯ ಒಂದೇ ಒಂದು ಬೀಜದಲ್ಲಿ ಇದರ ನಾಲ್ಕೈದು ಪಟ್ಟು ಶಕ್ತಿಯಿದೆ. ನೂರು ಕಿಲೋ ತೂಗುವ ಹಂದಿಯನ್ನು ಕೆಡಹುವುದು ಶಕ್ತಿಯ ಮೊತ್ತವಲ್ಲ. ಅದು ಎಷ್ಟು ಬೇಗ, ಎಷ್ಟು ಚಿಕ್ಕ ಜಾಗದಲ್ಲಿ ಖರ್ಚಾಗುತ್ತದೆ ಎಂಬುದು.

ಹಾಗಾದರೆ ಆರೂವರೆ ಮಿಲಿಗ್ರಾಂ ಹೆಚ್ಚುಕಡಿಮೆಯಾದರೆ ಏನಾಗುತ್ತದೆ? ಈ ಗಾತ್ರದ ತೋಟಾದಲ್ಲಿ ವೇಗ ಸೆಕೆಂಡಿಗೆ ಐದಾರು ಅಡಿ ಬದಲಾಗಬಹುದು. ನೂರು ಮೀಟರ್ ದೂರ ಹೋಗುವಷ್ಟರಲ್ಲಿ ಗುಂಡು ಗುರುತ್ವಕ್ಕೆ ಸಿಕ್ಕು 7 ಸೆಂಟಿಮೀಟರಿನಷ್ಟು ಇಳಿಯುತ್ತದೆ. ವೇಗದ ಈ ವ್ಯತ್ಯಾಸದಿಂದ ಆ ಇಳಿತದಲ್ಲಾಗುವ ಏರುಪೇರು ಮಿಲಿಮೀಟರಿನ ಮೂರನೇ ಒಂದು ಪಾಲೂ ಇಲ್ಲ. ಅದೇ ಒಂದು ಮೀಟರ್ ಉದ್ದದ ಕೋವಿಯ ತುದಿ ಕೈನಡುಕಕ್ಕೆ ಒಂದು ಮಿಲಿಮೀಟರ್ ಅಲುಗಿತೋ, ನೂರು ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ತಕ್ಕಡಿಯ ತಪ್ಪಿಗಿಂತ ಕೈಯ ತಪ್ಪು ಮುನ್ನೂರು ಪಟ್ಟು ದೊಡ್ಡದು.

ಆದರೂ ತಕ್ಕಡಿ ವ್ಯರ್ಥವಲ್ಲ. ಮದ್ದು ಹೆಚ್ಚಿಸುತ್ತ ಹೋದಂತೆ ಒತ್ತಡ ಅದೇ ಪ್ರಮಾಣದಲ್ಲಿ ಏರದೆ, ಅದಕ್ಕಿಂತ ಜೋರಾಗಿ ಏರುತ್ತದೆ. ಅದಕ್ಕೇ ತಿಳಿದವರು ಪ್ರಕಟಿತ ಕೈಪಿಡಿಯ ಕನಿಷ್ಠ ಅಳತೆಯಿಂದ ಶುರುಮಾಡಿ ಚೂರುಚೂರೇ ಮೇಲೇರುತ್ತಾರೆ, ಗರಿಷ್ಠವನ್ನು ಮೀರುವುದಿಲ್ಲ. ಗುಂಡು ಎಷ್ಟು ಆಳಕ್ಕೆ ಕೂತಿದೆ, ಕೇಸಿನ ಕತ್ತು ನೆಟ್ಟಗಿದೆಯೇ ಎಂಬುದನ್ನು ಇಂಚಿನ ಸಾವಿರದ ಪಾಲಿನಲ್ಲಿ ನೋಡುತ್ತಾರೆ. ಇಷ್ಟು ಮಾಡಿ ಬಯಸುವ ಫಲವೆಂದರೆ, ಹಾರಿಸಿದ ಗುಂಡುಗಳೆಲ್ಲ ನೂರು ಗಜ ದೂರದಲ್ಲಿ ಒಂದಿಂಚಿನೊಳಗೆ ಗುಂಪಾಗಿ ಬೀಳುವುದು. ಕೋನದ ಲೆಕ್ಕದಲ್ಲಿ ಅದು ಡಿಗ್ರಿಯ ಅರವತ್ತನೇ ಒಂದು ಪಾಲು, ಪೂರ್ತಿ ವೃತ್ತದ 21,600ನೇ ಒಂದು ಭಾಗ.

ಈಗ ಎದುರು ಪಕ್ಷದ ಲೆಕ್ಕ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾದಲ್ಲಿ ಇಳಿದಾಗ ತಂದ ಹಂದಿಗಳು 13 ಎಂದು ಇತಿಹಾಸಕಾರರು ಹೇಳುತ್ತಾರೆ. ಮೂರು ವರ್ಷಕ್ಕೆ ಅವನು ಸಾಯುವಾಗ ಹಿಂಡು 700 ಮುಟ್ಟಿತ್ತು. ನಮ್ಮ ಮಲೆನಾಡಿನ ಕಾಡುಹಂದಿ ಈ ಮಣ್ಣಿನದೇ ಪ್ರಾಣಿ, 1972ರ ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಸೇರಿದ್ದು. ಅಮೆರಿಕದ್ದು ಹಡಗಿನಲ್ಲಿ ಬಂದು ದೊಡ್ಡಿ ಬಿಟ್ಟೋಡಿದ ಸಂತತಿ. ಆಮೇಲೆ ಬೇಟೆಯ ಮೋಜಿಗೆಂದು ಯುರೋಪಿನಿಂದ ತಂದು ಬಿಟ್ಟ ಕಾಡುಹಂದಿಯ ರಕ್ತವೂ ಅದಕ್ಕೆ ಸೇರಿತು. ಆರೆಂಟು ತಿಂಗಳಿಗೇ ಹೆಣ್ಣು ಗಬ್ಬವಾಗುತ್ತದೆ, ಸುಮಾರು 115 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ಸರಾಸರಿ ನಾಲ್ಕರಿಂದ ಆರು ಮರಿ.

ಟೆಕ್ಸಾಸ್ ಒಂದರಲ್ಲೇ ಇರುವ ಹಂದಿಗಳ ಅಂದಾಜು 26 ಲಕ್ಷ. ಸಂಖ್ಯೆ ಇಳಿಯುವುದು ಹಾಗಿರಲಿ, ಇದ್ದಲ್ಲೇ ನಿಲ್ಲಬೇಕಾದರೂ ವರ್ಷಕ್ಕೆ ಮೂರರಲ್ಲಿ ಎರಡು ಪಾಲು ತೆಗೆಯಬೇಕು ಎಂಬುದು ಅಲ್ಲಿನ ತಜ್ಞರ ಲೆಕ್ಕ. ಅಂದರೆ 17 ಲಕ್ಷ; ದಿನಕ್ಕೆ 4,700, ಹಗಲೂ ರಾತ್ರಿಯೂ ನಿಮಿಷಕ್ಕೆ ಮೂರು. ಒಂದು ಹಂದಿಗೆ ಒಂದೇ ಈಡು ಸಾಕಾಯಿತು ಅಂದುಕೊಂಡರೂ ಬೇಕಾಗುವ ಮದ್ದು ಐದು ಟನ್. ನಿಮಿಷಕ್ಕೊಂದರಂತೆ ಒಬ್ಬನೇ ಊಟ ನಿದ್ದೆ ಬಿಟ್ಟು ತೂಗಿ ತುಂಬಿದರೂ ಮೂರು ವರ್ಷ ದಾಟುತ್ತದೆ. ಅಷ್ಟರಲ್ಲಿ ಮರಿಗಳ ಮರಿಗಳೂ ಈದಿರುತ್ತವೆ. 2011ರಲ್ಲಿ ಟೆಕ್ಸಾಸ್ ಹೆಲಿಕಾಪ್ಟರಿನಿಂದ ಹಂದಿ ಹೊಡೆಯುವುದನ್ನು ದುಡ್ಡು ಕೊಟ್ಟು ಬರುವ ಬೇಟೆಗಾರರಿಗೂ ತೆರೆಯಿತು. 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆಯಿದ್ದರೆ ಹಂದಿ ಬೇಟೆಗೆ ಪರವಾನಗಿಯೇ ಬೇಡ. ಹಾಗಿದ್ದೂ ಹಿಂಡು ಕರಗಿಲ್ಲ. ಒಂದು ಈಡು ಸಿಡಿದರೆ ಬಿದ್ದದ್ದು ಒಂದು, ಉಳಿದವು ದಿಕ್ಕಾಪಾಲು. ಇಡೀ ಹಿಂಡನ್ನು ಒಟ್ಟಿಗೆ ಹಿಡಿಯುವ ದೊಡ್ಡ ಬೋನುಗಳನ್ನು ಅಲ್ಲಿನ ತಜ್ಞರು ಮುಂದೊತ್ತುವುದು ಇದಕ್ಕೇ.

ಹಾಗಾಗಿ ತನ್ನ ಈಡಿನಿಂದ ಹಂದಿಯ ಸಂತಾನ ಅಳಿಯುತ್ತದೆಂದು ಲೆಕ್ಕ ಬಲ್ಲ ಬೇಟೆಗಾರ ಹೇಳುವುದಿಲ್ಲ. ದೊಡ್ಡ ಹಂದಿಯಲ್ಲೂ ಗುರಿಗೆ ಸಿಗಬೇಕಾದ ಮರ್ಮಸ್ಥಾನ ಮುಂಗಾಲಿನ ನೇರಕ್ಕೆ, ತುಸು ತಗ್ಗಿನಲ್ಲಿ, ಹದಿನೈದಿಪ್ಪತ್ತು ಸೆಂಟಿಮೀಟರ್ ಅಗಲದ್ದು. ಅದು ತಪ್ಪಿದರೆ ಪ್ರಾಣಿ ಗಾಯ ಹೊತ್ತು ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಅರವತ್ತು ಲಕ್ಷಕ್ಕೆ ಅವನ ಆರೂವರೆ ಮಿಲಿಗ್ರಾಂ ಯಾವ ಲೆಕ್ಕಕ್ಕೂ ಇಲ್ಲ. ಆದರೆ ಅವನು ಸರಿಯಾಗಿ ಉತ್ತರ ಕೊಡಬೇಕಾದದ್ದು ಒಂದು ಹೊತ್ತಿಗೆ ಒಂದೇ ಹಂದಿಗೆ. ಅದಕ್ಕೆ ತಕ್ಕಡಿಯೂ ಬೇಕು, ಅದಕ್ಕಿಂತ ಹೆಚ್ಚಾಗಿ ಅಲುಗದ ಕೈ ಬೇಕು.