ಮೇಜಿನ ಮೇಲಣ ಹುಲಿ

ಬೇಲೂರಿನಲ್ಲಿ ಮೃಗದೊಡನೆ ಹೋರುವ ಸಳನನ್ನು ಕಂಡ ಕನ್ನಡಿಗನಿಗೆ ಶಿಲ್ಪದ ಹುಲಿಯೇನೂ ಹೊಸತಲ್ಲ. ಆದರೆ ಹೊಯ್ಸಳರ ಆ ಮೃಗವು ಒಂದು ಲಾಂಛನ. ಹುಲಿಯನ್ನು ಹುಲಿಯಾಗಿಯೇ, ಅದರ ಎಲುಬು-ಸ್ನಾಯುಗಳ ಸತ್ಯದೊಡನೆ, ಮೇಜಿನ ಮೇಲಿಡಬಹುದಾದ ಕಂಚಿನಲ್ಲಿ ತೋರಿದವನು ಹಿಂದೂಸ್ಥಾನವನ್ನು ಎಂದೂ ಕಾಣದ ಒಬ್ಬ ಫ್ರೆಂಚ್ ಶಿಲ್ಪಿ, ಆಂತ್ವಾನ್ ಲೂಯಿ ಬಾರೀ.

1795ರಲ್ಲಿ ಪ್ಯಾರಿಸಿನ ಅಕ್ಕಸಾಲಿಗನೊಬ್ಬನ ಮನೆಯಲ್ಲಿ ಹುಟ್ಟಿದ ಬಾರೀಗೆ ಕಾಡೆಂದರೆ ಆ ನಗರದ ಸಸ್ಯೋದ್ಯಾನದೊಳಗಣ ಮೃಗಶಾಲೆ. ಪಂಜರದ ಮುಂದೆ ನಿಂತು ಮೃಗಗಳ ಚಿತ್ರ ಬರೆಯುವನು. ಸತ್ತ ಪ್ರಾಣಿಯ ದೇಹವನ್ನು ಅಳೆದು, ಕೊಯ್ದು, ಒಳರಚನೆಯನ್ನು ಅರಿಯುವನು. ಪ್ರಸಿದ್ಧ ಚಿತ್ರಕಾರ ದೆಲಾಕ್ರ್ವಾ ಈ ವ್ಯಾಸಂಗದಲ್ಲಿ ಅವನ ಸಂಗಡಿಗ. ‘ಸಲೋನ್’ ಎಂಬ ಪ್ಯಾರಿಸಿನ ಮಹಾ ಕಲಾಪ್ರದರ್ಶನದಲ್ಲಿ 1831ರಲ್ಲಿ ಅವನ ಶಿಲ್ಪವೊಂದು ಪದಕ ಪಡೆಯಿತು. ಘರಿಯಾಲವನ್ನು, ಎಂದರೆ ನಮ್ಮ ಗಂಗೆಯ ನೀಳಮೂತಿಯ ಮೊಸಳೆಯನ್ನು, ಹುಲಿಯೊಂದು ಕಬಳಿಸುವ ದೃಶ್ಯವದು.

ಮಾನ ಬಂದ ಬಾಗಿಲಿನಲ್ಲಿಯೇ ಅವಮಾನವೂ ಬಂದಿತು. ರಾಜಕುಮಾರನೊಬ್ಬನ ಭೋಜನದ ಮೇಜನ್ನು ಅಲಂಕರಿಸಲೆಂದು ಅವನು ಒಂಬತ್ತು ಶಿಲ್ಪಗಳನ್ನು ರಚಿಸಿದ್ದನು. ಆನೆಯ ಮೇಲೆ ಕುಳಿತ ಭಾರತೀಯರ ಹುಲಿಬೇಟೆ ಅವುಗಳಲ್ಲಿ ಮುಖ್ಯವಾದುದು. ಸಲೋನಿನ ಪರೀಕ್ಷಕರು 1837ರಲ್ಲಿ ಅವನ್ನು ಹಿಂದಿರುಗಿಸಿದರು. ಅಕ್ಕಸಾಲಿಗನ ಕುಸುರಿಗೆ ಶಿಲ್ಪದ ಪಂಕ್ತಿಯಲ್ಲಿ ಎಡೆಯಿಲ್ಲವೆಂಬುದು ಅವರ ಅಭಿಪ್ರಾಯ! ಬಾರೀ ಮುಂದೆ ಬಹುಕಾಲ ಆ ಕಡೆ ಸುಳಿಯಲಿಲ್ಲ. ಸಾಮಾನ್ಯ ಗೃಹಸ್ಥನೂ ಕೊಳ್ಳಬಹುದಾದ ಕಿರುಮೂರ್ತಿಗಳನ್ನು ಎರಕ ಹೊಯ್ಯಿಸಿ ತಾನೇ ಮಾರತೊಡಗಿದನು.

ಕಲೆಗಾರನಿಗೆ ವ್ಯಾಪಾರ ಒಲಿಯಲಿಲ್ಲ. ಸಾಲ ಬೆಳೆದು 1848ರಲ್ಲಿ ಅವನ ಮಾದರಿಗಳೆಲ್ಲ ಸಾಲಿಗನ ಪಾಲಾದವು. ಮಾದರಿಯೊಂದು ಕೈಯಲ್ಲಿದ್ದರೆ ಮರಳಿನ ಅಚ್ಚಿನಲ್ಲಿ ಎಷ್ಟು ಪ್ರತಿಗಳನ್ನಾದರೂ ಹೊಯ್ಯಬಹುದು. ತನ್ನ ಹೆಸರು ಹೊತ್ತ ಮೂರ್ತಿಗಳು ತನ್ನ ಕಣ್ಣು ತಾಗದೆಯೇ ಪೇಟೆಗೆ ಹೊರಡುವುದನ್ನು ಶಿಲ್ಪಿಯು ಸುಮ್ಮನೆ ನೋಡಬೇಕಾಯಿತು. 1857ರಲ್ಲಿ ಅವು ಮರಳಿ ಅವನ ಕೈಸೇರಿದವು. ಅಷ್ಟರಲ್ಲಿ, 1854ರಲ್ಲಿ, ತಾನು ಕಲಿತ ಸಸ್ಯೋದ್ಯಾನದಲ್ಲಿಯೇ ಅವನು ಪ್ರಾಣಿಚಿತ್ರಣದ ಅಧ್ಯಾಪಕನಾಗಿದ್ದನು. ಅಲ್ಲಿ ಕೆಲಕಾಲ ಅವನ ಶಿಷ್ಯನಾಗಿದ್ದ ತರುಣನೇ ರೋದಾನ್. 1875ರಲ್ಲಿ ಬಾರೀ ತೀರಿಕೊಂಡನು. ಮರುವರ್ಷವೇ ಮಾದರಿಗಳು ಹರಾಜಾದವು. ಅನೇಕವನ್ನು ಕೊಂಡ ಬಾರ್ಬೆದಿಯೆನ್ ಎಂಬ ಎರಕದ ಉದ್ಯಮಿ ಮತ್ತೆ ಹೊಸ ಪ್ರತಿಗಳನ್ನು ಹೊಯ್ಯಿಸಿದನು.

ಇಲ್ಲಿ ನಮ್ಮ ನಾಡಿನ ಗ್ರಂಥವೊಂದು ನೆನಪಾಗುತ್ತದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ವಿವರವಿದೆ. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಮಣ್ಣು ಮೆತ್ತಿ, ಕಾಸಿ, ಮೇಣ ಕರಗಿ ಹರಿದ ಪೊಳ್ಳಿನೊಳಗೆ ಲೋಹವನ್ನು ಹೊಯ್ಯಬೇಕು. ಬಾರೀಯ ಕಾಲಕ್ಕೆ ಫ್ರಾನ್ಸಿನಲ್ಲಿ ಈ ವಿಧಾನ ಬಹುಮಟ್ಟಿಗೆ ಮರೆಯಾಗಿತ್ತು. ಒನೊರೆ ಗೊನಾನ್ ಎಂಬ ಎರಕಗಾರನು ಅದನ್ನು ಪುನರುಜ್ಜೀವಿಸಿ, ಹಾವನ್ನು ಮೆಟ್ಟಿದ ಬಾರೀಯ ಸಿಂಹವನ್ನು 1835ರಲ್ಲಿ ಹೊಯ್ದನು. ಈ ವಿಧಾನದಲ್ಲಿ ಮೇಣದ ರೂಪ ಅಳಿದಲ್ಲದೆ ಕಂಚಿನ ರೂಪ ಹುಟ್ಟದು. ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು.

ಆದುದರಿಂದ ಇಂಥ ಕಿರುಮೂರ್ತಿ ಎಂದಾದರೂ ಕೈಗೆ ಬಂದರೆ, ಪೀಠದ ಮೇಲಣ ಹೆಸರನ್ನು ಓದಿ ತೃಪ್ತರಾಗಬಾರದು. ಹುಲಿಯ ಹೆಗಲಿನ ಮಡಿಕೆಯಲ್ಲಿ, ಉಗುರಿನ ಸಂದಿನಲ್ಲಿ ಬೆರಳಾಡಿಸಿ ನೋಡಬೇಕು. ಮಾದರಿಯನ್ನು ಹರಾಜಿನಲ್ಲಿ ಕೊಳ್ಳಬಹುದು. ಎರಕವಾದ ಮೇಲೆ ಉಳಿ ಹಿಡಿದು ಆ ಮಡಿಕೆಗಳನ್ನು ತೀಡಿದ ಕೈಯನ್ನು ಕೊಳ್ಳುವುದೆಂತು?